ರೂಗರ್ ಎಸ್‌ಆರ್22 ಟಾರ್ಗೆಟ್‌ಗೆ ಸಾಕು

ಟೆಕ್ಸಾಸ್‌ನಲ್ಲಿ ವೀಕೆಂಡ್ ಸುಮ್ನೆ ಡಬ್ಬ, ಪೇಪರ್ ಟಾರ್ಗೆಟ್‌ಗೆ ಹೊಡೆಯಲು ರೂಗರ್ ಎಸ್‌ಆರ್22 (.22 ಗುಂಡಿನ ಪಿಸ್ತೂಲು) ಸಾಕಾ ಅಂತ ಕೇಳಿದ್ದೀರಿ. ಧಾರಾಳವಾಗಿ ಸಾಕು. ನನ್ನ ಹತ್ತಿರವೂ ಅದೇ ಇದೆ. 3.5 ಇಂಚಿನ ಬ್ಯಾರೆಲ್, 10 ಗುಂಡಿನ ಮ್ಯಾಗಜೀನ್, ಒದೆತ ಇಲ್ಲ ಅಂತಲೇ ಅನ್ನಬಹುದು. ಮೊದಲ ಗುಂಡಿಗೆ ಟ್ರಿಗರ್ ಬಿಗಿ, ಉದ್ದಕ್ಕೆ ಎಳೆಯಬೇಕು, ಆಮೇಲೆ ಹಗುರ. ಹ್ಯಾಮರ್ (ಹಿಂಬದಿಯ ಸುತ್ತಿಗೆಯಂಥ ಭಾಗ) ಕೈಯಲ್ಲೇ ಹಿಂದಕ್ಕೆ ಎಳೆದುಕೊಂಡರೆ ಆ ಕಷ್ಟವೂ ಇಲ್ಲ. ಗುಂಡಿನಲ್ಲಿ ಮಾತ್ರ ಜಿಪುಣತನ ಬೇಡ. ರಿಮ್‌ಫೈರ್ (ತಳದ ಅಂಚಿಗೆ ಏಟು ಬಿದ್ದು ಸಿಡಿಯುವ ಗುಂಡು) ಅಲ್ವಾ, ಅಗ್ಗದ್ದು ಮಸಿ ಜಾಸ್ತಿ ಕಟ್ಟುತ್ತದೆ, ಆಗಾಗ ಸಿಡಿಯುವುದೂ ಇಲ್ಲ. ಸಿಸಿಐ ಕಂಪನಿಯ ಮಿನಿ-ಮ್ಯಾಗ್ ಗುಂಡಿನ ಥರದ್ದು ಹಾಕಿ. ಸಿಡಿಯದಿದ್ದರೆ ಪಿಸ್ತೂಲನ್ನು ಟಾರ್ಗೆಟ್ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. 25 ಗಜದಿಂದ ಗುಂಡುಗಳು ಒತ್ತೊತ್ತಾಗಿ ಬೀಳುವಂತೆ ಹೊಡೆಯುವ ಆಸೆ ಇದ್ದರೆ ರೂಗರ್‌ನದೇ ಮಾರ್ಕ್ 4 ಪಿಸ್ತೂಲು ನೋಡಿ. ತೂಕ ಜಾಸ್ತಿ, ಬೆಲೆಯೂ ಜಾಸ್ತಿ, ಆದರೆ ಟ್ರಿಗರ್ ಪ್ರತಿಸಲವೂ ಒಂದೇ ಥರ. ರೇಂಜ್‌ನಲ್ಲಿ ಬಾಡಿಗೆಗೆ ಸಿಕ್ಕರೆ ಎರಡನ್ನೂ ಹೊಡೆದು ನೋಡಿ.