ಕಾರಿನ ಟೈರಿಗೆ ಎಷ್ಟು ಗಾಳಿ ಇರಬೇಕು, ಅದನ್ನು ಯಾವಾಗ ನೋಡಬೇಕು?

ನಿಮ್ಮ ಟೈರಿನ ಪಕ್ಕದ ಗೋಡೆಯ ಮೇಲೆ 51 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದು ಅಚ್ಚಾಗಿದೆ, ಚಾಲಕನ ಬಾಗಿಲಿನ ಚೀಟಿಯಲ್ಲಿ 33 ಎಂದಿದೆ, ಪಂಚರ್ ಅಂಗಡಿಯವರು ಕೇಳದೆಯೇ 35 ಹಾಕುತ್ತಾರೆ. ಇವುಗಳಲ್ಲಿ ಯಾವುದನ್ನು ನಂಬಬೇಕು, ನೈಟ್ರೋಜನ್ ತುಂಬಿಸಿದರೆ ಪದೇ ಪದೇ ನೋಡುವ ತೊಂದರೆ ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ನಂಬಬೇಕಾದದ್ದು ಬಾಗಿಲಿನ ಚೀಟಿಯನ್ನು.

ಟೈರಿನ ಮೇಲಿರುವ 51 ಎಂಬುದು ಆ ಟೈರಿಗೆ ಗೊತ್ತುಪಡಿಸಿರುವ ಗರಿಷ್ಠ ಒತ್ತಡವೇ ಹೊರತು ನೀವು ತುಂಬಿಸಬೇಕಾದ ಒತ್ತಡವಲ್ಲ. ಅದೇ ಅಳತೆಯ ಟೈರು ಬೇರೆ ಬೇರೆ ತೂಕದ ಹಲವು ಕಾರುಗಳಿಗೆ ಹೋಗುತ್ತದೆ. ಅದು ಯಾವ ಕಾರಿಗೆ ಸೇರುತ್ತದೆಂಬುದು ಟೈರು ಮಾಡಿದವರಿಗೆ ತಿಳಿದಿರುವುದಿಲ್ಲ. ಮುಂದಿನ ಚಕ್ರಗಳ ಮೇಲೆ ಎಷ್ಟು ಭಾರ, ಹಿಂದಿನವುಗಳ ಮೇಲೆ ಎಷ್ಟು ಎಂಬ ಲೆಕ್ಕ ಇರುವುದು ಕಾರು ತಯಾರಿಸಿದವರ ಬಳಿ, ಮತ್ತು ಚೀಟಿಯ ಸಂಖ್ಯೆ ಬಂದಿರುವುದು ಆ ಲೆಕ್ಕದಿಂದ. ಬಾಗಿಲಿನಲ್ಲಿ ಚೀಟಿ ಇಲ್ಲದಿದ್ದರೆ ಇಂಧನ ಟ್ಯಾಂಕಿನ ಮುಚ್ಚಳದ ಒಳಬದಿಯನ್ನೋ ಕಾರಿನ ಜೊತೆ ಬಂದ ಕೈಪಿಡಿಯನ್ನೋ ನೋಡಿ. ಹಲವು ಚೀಟಿಗಳಲ್ಲಿ ಇಬ್ಬರು ಮೂವರು ಕುಳಿತಾಗ ಒಂದು, ಪೂರ್ತಿ ಭಾರ ಹೇರಿದಾಗ ಇನ್ನೊಂದು ಎಂದು ಎರಡು ಸಾಲುಗಳಿರುತ್ತವೆ. ಐದು ಜನ ಸಾಮಾನು ಸಮೇತ ಊರಿಗೆ ಹೊರಟಾಗ ಎರಡನೆಯ ಸಾಲನ್ನು ಪಾಲಿಸಬೇಕು. ಕೆಲವದರಲ್ಲಿ ಅಳತೆ ಕಿಲೋಪ್ಯಾಸ್ಕಲ್‌ನಲ್ಲಿರುತ್ತದೆ: 220 ಎಂದರೆ 32 ಪಿಎಸ್‌ಐ.

ಹೆಚ್ಚಿನವರು ಎಡವುವುದು ಸಂಖ್ಯೆಯಲ್ಲಿ ಅಲ್ಲ, ಸಮಯದಲ್ಲಿ. ಚೀಟಿಯ ಸಂಖ್ಯೆ ತಣ್ಣಗಿರುವ ಟೈರಿಗೆ ಹೇಳಿದ್ದು, ಅಂದರೆ ಕಾರು ಮೂರು ಗಂಟೆಯಾದರೂ ನಿಂತಿರಬೇಕು ಅಥವಾ ಹೆಚ್ಚೆಂದರೆ ಒಂದೂವರೆ ಕಿಲೋಮೀಟರ್ ಓಡಿರಬೇಕು. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಮೂರರಿಂದ ಐದು ಪಿಎಸ್‌ಐ ಏರಿರುತ್ತದೆ. ಆಗ ಬಂಕಿನಲ್ಲಿ 37 ತೋರಿಸಿತೆಂದು ಗಾಳಿ ಬಿಡಿಸಿ 33ಕ್ಕೆ ಇಳಿಸಿದರೆ, ಮರುದಿನ ಬೆಳಿಗ್ಗೆ ಅದೇ ಟೈರು 29ರಲ್ಲಿ ನಿಂತಿರುತ್ತದೆ. ಆದ್ದರಿಂದ ಮನೆಯಲ್ಲೇ ಒಂದು ಗೇಜ್ ಇಟ್ಟುಕೊಂಡು, ಬಿಸಿಲು ಬೀಳುವ ಮುನ್ನ ನಾಲ್ಕೂ ಚಕ್ರಗಳನ್ನು ಅಳೆದು ಬರೆದುಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ 29 ಇದ್ದರೆ ಕೊರತೆ ನಾಲ್ಕು; ಬಂಕು ತಲುಪುವಷ್ಟರಲ್ಲಿ ಅದು ಬಿಸಿಯಾಗಿ 31 ತೋರಿಸಿದರೆ 33ಕ್ಕೆ ನಿಲ್ಲಿಸದೆ, ನಾಲ್ಕನ್ನು ಕೂಡಿಸಿ 35 ಹಾಕಿಸಬೇಕು. "ಎಷ್ಟು ಹಾಕ್ಲಿ ಸಾರ್?" ಎಂದು ಹುಡುಗ ಕೇಳುವ ಮೊದಲೇ ಈ ಲೆಕ್ಕ ನಿಮ್ಮ ಬಳಿ ಸಿದ್ಧವಿರಲಿ. ಬಂಕಿನಲ್ಲಿ ಗಾಳಿ ಉಚಿತವಾಗಿಯೇ ಸಿಗಬೇಕು ಎಂಬುದೂ ನೆನಪಿರಲಿ.

ಹವೆಯ ಉಷ್ಣತೆ ಆರು ಡಿಗ್ರಿಯಷ್ಟು ಬದಲಾದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಬದಲಾಗುತ್ತದೆ. ನಾನಿರುವ ಕಲಬುರಗಿಯಲ್ಲಿ ಮೇ ತಿಂಗಳ ಮುಂಜಾವಿಗೂ ಡಿಸೆಂಬರ್ ಮುಂಜಾವಿಗೂ ಹತ್ತು ಡಿಗ್ರಿಯಷ್ಟು ಅಂತರವಿರುವುದರಿಂದ, ಎಲ್ಲಿಯೂ ಸೋರದಿದ್ದರೂ ಚಳಿಗಾಲದಲ್ಲಿ ಒಂದೂವರೆ ಪಿಎಸ್‌ಐ ಕಡಿಮೆಯಾಗುತ್ತದೆ. ಇದರ ಜೊತೆಗೆ ರಬ್ಬರಿನ ಮೂಲಕವೇ ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ಹೊರಹೋಗುತ್ತದೆ. ಘಟ್ಟ ಹತ್ತುವವರಿಗೆ ಮಾತ್ರ ಒಂದು ಸ್ವಾರಸ್ಯವಿದೆ: ಮಂಗಳೂರಿನಿಂದ ಸಾವಿರ ಮೀಟರಿಗೂ ಎತ್ತರದ ಮಡಿಕೇರಿಗೆ ಹೋದರೆ ಹೊರಗಿನ ಗಾಳಿಯ ಒತ್ತಡ ಇಳಿಯುವುದರಿಂದ ಗೇಜ್ ಒಂದೂವರೆಗೂ ಹೆಚ್ಚು ಏರಿಸಿ ತೋರಿಸಬೇಕು, ಆದರೆ ಅಲ್ಲಿನ ತಂಪು ಅದರಲ್ಲಿ ಬಹುಪಾಲನ್ನು ನುಂಗಿಹಾಕುತ್ತದೆ, ಹಾಗಾಗಿ ಎತ್ತರದ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ನೈಟ್ರೋಜನ್ ವಿಷಯದಲ್ಲಿ ನನಗೆ ಹೆಚ್ಚಿನ ಉತ್ಸಾಹವಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ 78% ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ತುಸು ನಿಧಾನವಾಗಿ ಸೋರುವುದು ನಿಜವಾದರೂ ಬಿಸಿಗೆ ಹಿಗ್ಗುವುದರಲ್ಲಿ ವ್ಯತ್ಯಾಸವಿಲ್ಲ, ಆದ್ದರಿಂದ ತಿಂಗಳಿಗೊಮ್ಮೆ ಅಳೆಯುವುದು ತಪ್ಪುವುದಿಲ್ಲ. ಅದು ಸಿಗದ ಕಡೆ ಮಾಮೂಲಿ ಗಾಳಿ ಸೇರಿಸಿದರೆ ಯಾವ ಹಾನಿಯೂ ಇಲ್ಲ.

ಒಂದೇ ಚಕ್ರ ಉಳಿದವುಗಳಿಗಿಂತ ಬೇಗ ಇಳಿಯುತ್ತಿದ್ದರೆ ಮೊದಲು ವಾಲ್ವ್ ನೋಡಿ. ಪಂಚರ್ ಅಂಗಡಿಯವರು ವಾಲ್ವಿನ ಬಾಯಿಗೆ ಉಗುಳು ಹಚ್ಚಿ ನೋಡುವುದು ಇದಕ್ಕೇ: ಸೋರುತ್ತಿದ್ದರೆ ಸಣ್ಣ ಗುಳ್ಳೆ ಮೆಲ್ಲನೆ ಉಬ್ಬಿ ಒಡೆಯುತ್ತದೆ. ಸಾಬೂನು ನೀರೂ ಆಗುತ್ತದೆ. ಒಳಗಿನ ಪಿನ್ ಬದಲಾಯಿಸಿದರೆ ಹೆಚ್ಚಿನ ಸಲ ಅಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ಮೊಳೆ ಹುಡುಕಬೇಕು. ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪವನ್ನೇ ಕಾಯುತ್ತಾ ಕೂರಬೇಡಿ, ಅದು ಹೊತ್ತಿಕೊಳ್ಳುವುದು ಗಾಳಿ ಸಾಕಷ್ಟು ಇಳಿದ ಮೇಲೆ. ಗಾಳಿ ಕಡಿಮೆಯಿದ್ದ ಟೈರಿನ ಎರಡೂ ಅಂಚುಗಳು ಬೇಗ ಸವೆಯುತ್ತವೆ, ಹೆಚ್ಚಿದ್ದರೆ ನಡುಭಾಗ ಸವೆಯುತ್ತದೆ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದಾಗ ಪಕ್ಕದ ಗೋಡೆ ಮಡಿಚಿ ಬಿಚ್ಚಿ ಕಾಯುವುದರಿಂದ ಟೈರು ಸಿಡಿಯುವ ಅಪಾಯವೂ ಇದೆ.

ನಾಲ್ಕು ಚಕ್ರ ಅಳೆದ ಮೇಲೆ ಸ್ಟೆಪ್ನಿಯನ್ನೂ ನೋಡಿ. ನಿಮ್ಮದು ತೆಳ್ಳನೆಯ ತಾತ್ಕಾಲಿಕ ಚಕ್ರವಾಗಿದ್ದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು. ಸಂಖ್ಯೆ ಅದರ ಮೇಲೆಯೇ ಇರುತ್ತದೆ, ಹುಡುಗನಿಗೆ ಅದನ್ನು ತೋರಿಸಿಯೇ ಹಾಕಿಸಿ.