ಒಡೆದ ಮೇಲೆ ಗಾಜು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಬೆಂಗಳೂರಿನಲ್ಲಿ ಮೂರಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಬಾಲ್ಕನಿಗೆ ಗಾಜಿನ ರೇಲಿಂಗ್ ಹಾಕಿಸುವ ಆಸೆ. ‘12 ಮಿ.ಮೀ. ಟಫನ್ಡ್ ಗಾಜು ಸಾಕು, ಸುತ್ತಿಗೆಯಲ್ಲಿ ಹೊಡೆದರೂ ಒಡೆಯುವುದಿಲ್ಲ’ ಎನ್ನುತ್ತಾರೆ ಗಾಜಿನ ಕೆಲಸದವರು. ಆದರೆ ಪಕ್ಕದ ಮನೆಯ ಬಚ್ಚಲಿನಲ್ಲಿ ಅಂಥದ್ದೇ ಗಾಜು ನಡುರಾತ್ರಿ ಯಾರೂ ಮುಟ್ಟದೆ ಪುಡಿಯಾಯಿತು. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಿ, ಎರಡೂ ನಿಜ. ‘12 ಮಿ.ಮೀ. ಸಾಕು’ ಎಂಬುದನ್ನು ಮಾತ್ರ ನಂಬಬೇಡಿ.

ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಎರಡೂ ಬದಿಗೆ ಜೋರಾಗಿ ಗಾಳಿ ಊದಿ ತಣಿಸುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ತಣಿಯುತ್ತಾ ಕುಗ್ಗಿ, ಮೇಲ್ಮೈಯನ್ನು ಒಳಗೆ ಎಳೆದು ಬಿಗಿಯುತ್ತದೆ. ಆ ಬಿಗಿತದಿಂದಲೇ ಅದಕ್ಕೆ ಸಾಮಾನ್ಯ ಗಾಜಿನ ನಾಲ್ಕೈದು ಪಟ್ಟು ಬಲ. ಹಾಳೆಯ ನಡುವೆ ಸುತ್ತಿಗೆ ಪುಟಿಯುವುದು ಹೌದು. ಅಂಚಿಗೆ ಹೊಡೆದು ತೋರಿಸಿ ಎಂದು ನಿಮ್ಮ ಗಾಜಿನವರನ್ನು ಕೇಳಿ, ಒಪ್ಪುವುದಿಲ್ಲ. ಒಂದು ಕಡೆ ಬಿರುಕು ಒಳಪದರ ಮುಟ್ಟಿದರೆ ಹಿಡಿದಿಟ್ಟ ಎಳೆತವೆಲ್ಲ ಒಮ್ಮೆಲೇ ಬಿಚ್ಚಿಕೊಂಡು, ಇಡೀ ಹಾಳೆ ಕಲ್ಲುಸಕ್ಕರೆಯ ಹರಳುಗಳಂತೆ ಸುರಿಯುತ್ತದೆ.

ಯಾರೂ ಮುಟ್ಟದೆ ಒಡೆಯುವುದಕ್ಕೆ ಹೆಸರುವಾಸಿಯಾದ ಕಾರಣ ನಿಕಲ್ ಸಲ್ಫೈಡ್. ಗಾಜಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಈ ಹರಳು ಸಿಕ್ಕಿಕೊಂಡಿದ್ದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನಿಧಾನವಾಗಿ ಹಿಗ್ಗಿ ಒಳಗಿನಿಂದಲೇ ಒಡೆಯುತ್ತದೆ. ಕಾರ್ಖಾನೆಯಲ್ಲಿ ಹೀಟ್ ಸೋಕ್ ಪರೀಕ್ಷೆ ಮಾಡಿಸಿದರೆ, ಅಂದರೆ ಗಾಜನ್ನು ಮತ್ತೆ ಗಂಟೆಗಟ್ಟಲೆ ಕಾಯಿಸಿಟ್ಟರೆ, ಇಂಥ ಹಾಳೆಗಳಲ್ಲಿ ಬಹುಪಾಲು ಅಲ್ಲೇ ಒಡೆದುಹೋಗುತ್ತವೆ. ಎಲ್ಲವೂ ಅಲ್ಲ. ಆದರೆ ಎಲ್ಲ ತಪ್ಪನ್ನೂ ನಿಕಲ್ ಮೇಲೆ ಹೊರಿಸುವುದು ಗಾಜಿನವರಿಗೆ ಅನುಕೂಲದ ಮಾತು. ಬಚ್ಚಲಿನಲ್ಲಿ ನಾನು ಕಂಡಿರುವ ಕಾರಣ ಹೆಚ್ಚಾಗಿ ಬೇರೆ: ಕೀಲಿನ ಲೋಹ ರಬ್ಬರ್ ಇಲ್ಲದೆ ನೇರವಾಗಿ ಗಾಜಿಗೆ ತಾಗಿರುತ್ತದೆ, ಇಲ್ಲವೇ ಜೋಡಿಸುವಾಗ ಮೂಲೆ ಚಕ್ಕೆ ಎದ್ದಿರುತ್ತದೆ. ಒಂದು ಕಟ್ಟಡದಲ್ಲಿ ಇಬ್ಬರು ಹುಡುಗರು ಹಾಳೆಯನ್ನು ಬರಿಯ ಗ್ರಾನೈಟ್ ಮೇಲೆ ‘ಟಕ್’ ಎಂದು ಇಳಿಸಿದ್ದನ್ನು ನೋಡಿದ್ದೆ. ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಹೋಯಿತು. ಅದನ್ನೇ ಜೋಡಿಸಿದರು. ತಿಂಗಳೊಳಗೆ ಅದು ನೆಲಕ್ಕಿತ್ತು.

ನೆಲಮಟ್ಟದ ಬಚ್ಚಲಿಗೆ ಟಫನ್ಡ್ ಸಾಲುತ್ತದೆ. ನಿಮ್ಮ ಬಾಲ್ಕನಿಗೆ ಒಂಟಿ ಹಾಳೆ ಬೇಡ. 12 ಮಿ.ಮೀ. ಗಾಜು ಚದರ ಮೀಟರಿಗೆ 30 ಕಿಲೊ ತೂಗುತ್ತದೆ. ಅದು ಒಡೆದರೆ ಕೆಳಗೆ ಹೋಗುವವರ ತಲೆಯ ಮೇಲೆ ಬೀಳುವುದಷ್ಟೇ ಅಲ್ಲ, ಒರಗಿ ನಿಂತ ಮಗುವಿಗೆ ತಡೆಯೇ ಉಳಿಯುವುದಿಲ್ಲ. ಕೆನಡಾದ ಟೊರಾಂಟೊದಲ್ಲಿ 2011ರಲ್ಲಿ ಬಾಲ್ಕನಿ ಗಾಜುಗಳು ಮೇಲಿಂದ ಮೇಲೆ ರಸ್ತೆಗೆ ಉದುರಿದವು. ಮರುವರ್ಷ ಆ ಪ್ರಾಂತ್ಯದ ಕಟ್ಟಡ ನಿಯಮವೇ ಬಿಗಿಯಾಯಿತು.

ಲ್ಯಾಮಿನೇಟೆಡ್ ಗಾಜು ಹಾಕಿಸಿ. ಎರಡು ಹಾಳೆಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರವಿಟ್ಟು ಶಾಖ, ಒತ್ತಡದಲ್ಲಿ ಬೆಸೆದಿರುತ್ತಾರೆ. ಒಡೆದರೂ ಚೂರುಗಳು ಪದರಕ್ಕೆ ಕಚ್ಚಿಕೊಂಡಿರುತ್ತವೆ. ಇಲ್ಲೂ ಒಂದು ಸೂಕ್ಷ್ಮವಿದೆ. ಎರಡೂ ಹಾಳೆ ಟಫನ್ಡ್ ಆಗಿದ್ದು ಎರಡೂ ಒಡೆದರೆ, ಮಾಮೂಲಿ ಪಿವಿಬಿ ಒದ್ದೆ ಕಂಬಳಿಯಂತೆ ಜೋತುಬೀಳುತ್ತದೆ. ಅದಕ್ಕೇ ಮೇಲೆ ಕೈಹಿಡಿ ಇರಲಿ. ಅದು ಬೇಡವೆಂದರೆ ಹೆಚ್ಚು ಬಿಗಿಯಾದ ಅಯೊನೊಪ್ಲಾಸ್ಟ್ ಪದರ ಕೇಳಿ, ಬೆಲೆ ಜಾಸ್ತಿ. ಇನ್ನೊಂದು ಮಾತು: 6 ಮಿ.ಮೀ.ನ ಎರಡು ಹಾಳೆ ಬೆಸೆದರೆ 12 ಮಿ.ಮೀ. ಒಂಟಿ ಹಾಳೆಯಷ್ಟು ಬಿಗಿ ಬರುವುದಿಲ್ಲ, ಸ್ವಲ್ಪ ಹೆಚ್ಚು ಬಾಗುತ್ತದೆ. ದಪ್ಪವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಲಿ, ಅಂಗಡಿಯವರಲ್ಲ.

ಸರಕು ಬಂದಾಗ ಮೂಲೆಯಲ್ಲಿ ಐಎಸ್ 2553 (ಸುರಕ್ಷತಾ ಗಾಜಿನ ಭಾರತೀಯ ಮಾನಕ) ಸಂಖ್ಯೆಯಿರುವ ಐಎಸ್‌ಐ ಮುದ್ರೆ ಹುಡುಕಿ. ಪೋಲರಾಯ್ಡ್ ತಂಪು ಕನ್ನಡಕ ಹಾಕಿಕೊಂಡು ಬೆಳಗಿನ ಆಕಾಶಕ್ಕೆ ಹಿಡಿದು ನೋಡಿದರೆ ಟಫನ್ಡ್ ಗಾಜಿನಲ್ಲಿ ಸಾಮಾನ್ಯವಾಗಿ ಮಸುಕು ಪಟ್ಟೆ, ಚುಕ್ಕೆಗಳು ಕಾಣುತ್ತವೆ, ಅದು ದೋಷವಲ್ಲ. ‘ತೂತು ಇಲ್ಲೇ ಕೊರೆಯುತ್ತೇವೆ’ ಎಂದರೆ ಮಾತ್ರ ಅನುಮಾನಿಸಿ: ಟಫನ್ಡ್ ಆದ ಮೇಲೆ ಕೊರೆಯಲು ಹೋದರೆ ಒಡೆಯುತ್ತದೆ, ಒಡೆಯದಿದ್ದರೆ ಅದು ಟಫನ್ಡ್ ಅಲ್ಲ. ಲ್ಯಾಮಿನೇಟೆಡ್ ಹಾಳೆಯ ಅಂಚಿನಲ್ಲಿ ಗುಳ್ಳೆ, ಬಿಳಿಚು ಇದ್ದರೆ ವಾಪಸ್ ಕಳಿಸಿ. ಸಂದಿಗೆ ಸಿಲಿಕೋನ್ ಹಚ್ಚುವಾಗ ವಿನೆಗರ್‌ನಂಥ ಹುಳಿ ವಾಸನೆ ಬಂತೆಂದರೆ ಕೆಲಸ ನಿಲ್ಲಿಸಿ, ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ತರಿಸಿ. ಆ ಆಮ್ಲ ಪಿವಿಬಿಯನ್ನು ಅಂಚಿನಿಂದ ತಿನ್ನುತ್ತಾ ಬರುತ್ತದೆ.