ಬೇಸಿಗೆ ರಜೆಯಲ್ಲಿ ಟ್ರೇಡ್‌ಗೆ ಬರುವ ಐಸ್ ಹಾಕಿ ಆಟಗಾರ ನಮ್ಮ ತಂಡಕ್ಕೆ ಸರಿಯೋ ಅಲ್ಲವೋ ಅಂತ ಹೇಗೆ ಅಳೆಯುವುದು?

ವ್ಯಾಂಕೂವರ್‌ಗೆ ಬಂದು ಇನ್ನೂ ವರ್ಷ ಆಗಿಲ್ಲ ಅಂತ ಬರೆದಿದ್ದೀರಿ. ಜೂನ್ ಬಂತೆಂದರೆ ಆಫೀಸಿನಲ್ಲಿ 'ಇವನನ್ನು ತರಬೇಕು, ಅವನನ್ನು ಕಳಿಸಬೇಕು' ಅನ್ನುವ ಮಾತೇ ಮಾತು, ಇಲ್ಲಿನ ಐಸ್ ಹಾಕಿ ತಂಡ ಕನಕ್ಸ್‌ಗೆ ಯಾರು ಸರಿ ಅಂತ ಇವರೆಲ್ಲ ಹೇಗೆ ಹೇಳುತ್ತಾರೆ ಅನ್ನುವುದು ನಿಮ್ಮ ಪ್ರಶ್ನೆ. ನಿಜ ಹೇಳಬೇಕೆಂದರೆ ಅರ್ಧ ಜನ ಸುಮ್ನೆ ಹೇಳುತ್ತಾರೆ. ನಾನೂ ಆ ಗುಂಪಿನಲ್ಲೇ ಇದ್ದೆ. 2021ರಲ್ಲಿ ಒಂದು ಟ್ರೇಡ್ (ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದು) ಹೊಗಳಿ, ಸಹೋದ್ಯೋಗಿ ಜತೆ ಊಟದ ಬೆಟ್ ಕಟ್ಟಿ ಸೋತ ಮೇಲೆ ಸ್ವಲ್ಪ ಬುದ್ಧಿ ಬಂತು. ಆ ಕತೆಗೆ ಆಮೇಲೆ ಬರುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಕನಕ್ಸ್ ಆಡುವ ಲೀಗ್ ಎನ್‌ಎಚ್‌ಎಲ್. ಅಲ್ಲಿ ದುಡ್ಡಿದೆ ಅಂತ ಬೇಕಾದವರನ್ನೆಲ್ಲ ತರುವ ಹಾಗಿಲ್ಲ. ಪ್ರತಿ ತಂಡದ ಒಟ್ಟು ಸಂಬಳಕ್ಕೂ ಒಂದು ಮಿತಿ ಇದೆ. ಅದನ್ನೇ ಎಲ್ಲರೂ ಕ್ಯಾಪ್ ಅನ್ನುವುದು. ಈ ಮಿತಿ ಒಂದು ಇಡೀ ಸೀಸನ್ ರದ್ದಾದ ಮೇಲೆ, 2005ರಲ್ಲಿ ಬಂತು. 2025-26ಕ್ಕೆ ಅದು 9.55 ಕೋಟಿ ಡಾಲರ್. ಹಾಗಾಗಿ ಟ್ರೇಡ್‌ನಲ್ಲಿ ಬರುವುದು ಬರೀ ಆಟಗಾರ ಅಲ್ಲ. ಅವನ ಒಪ್ಪಂದವೂ ಜತೆಗೇ ಬರುತ್ತದೆ. ಒಳ್ಳೆಯ ಆಟಗಾರ, ಕೆಟ್ಟ ಒಪ್ಪಂದ ಅಂದರೆ ಅದು ಕೆಟ್ಟ ಟ್ರೇಡ್.

ಈಗ ನನ್ನ ಅಳತೆಗೋಲು. ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳಲು ಹೋದಾಗ ಮೊದಲು ಏನು ಕೇಳುತ್ತೀರಿ? ಮೈಲೇಜ್ ಎಷ್ಟು ಅಂತಲಾ? ಅಲ್ಲ. 'ಯಾಕೆ ಮಾರ್ತಾ ಇದ್ದೀರಾ?' ಅಂತ ಕೇಳುತ್ತೀರಿ. ವಿದೇಶಕ್ಕೆ ಹೊರಟಿದ್ದೇನೆ ಅಂದರೆ ಒಂದು ಲೆಕ್ಕ, ಇಂಜಿನ್ ಸದ್ದು ಮಾಡುತ್ತಿದೆ ಅನ್ನುವುದನ್ನು ಮುಚ್ಚಿಟ್ಟಿದ್ದರೆ ಇನ್ನೊಂದು ಲೆಕ್ಕ. ಹಾಕಿಯಲ್ಲೂ ನಾನು ಇದನ್ನೇ ಮೊದಲು ಕೇಳುವುದು. ಕನಕ್ಸ್‌ನ ಎರಡು ಟ್ರೇಡ್ ಪಕ್ಕಪಕ್ಕ ಇಟ್ಟು ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ತಮಾಷೆ ಅಂದರೆ ಎರಡನ್ನೂ ಮಾಡಿದ್ದು ಒಬ್ಬನೇ ಜನರಲ್ ಮ್ಯಾನೇಜರ್, ಜಿಮ್ ಬೆನ್ನಿಂಗ್.

ಮೊದಲನೆಯದು ಜೂನ್ 2019. ಆ ಸಲ ಡ್ರಾಫ್ಟ್ ನಡೆದದ್ದು ಇಲ್ಲೇ, ರೋಜರ್ಸ್ ಅರೀನಾದಲ್ಲಿ. ಡ್ರಾಫ್ಟ್ ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು, ಆ ಒಂದೊಂದು ಸರದಿಯೇ ಪಿಕ್. ಟ್ಯಾಂಪಾ ಬೇ ತಂಡದಿಂದ ಜೆ.ಟಿ. ಮಿಲ್ಲರ್ ಬಂದ. ಕೊಟ್ಟದ್ದು ಒಂದು ಮೊದಲ ಸುತ್ತಿನ ಪಿಕ್, ಒಂದು ಮೂರನೇ ಸುತ್ತಿನ ಪಿಕ್, ಒಬ್ಬ ಗೋಲ್‌ಕೀಪರ್. ಊರೆಲ್ಲ ಬೈದರು. ನಾಲ್ಕು ವರ್ಷದಿಂದ ಪ್ಲೇಆಫ್ ಮುಖ ನೋಡದ ತಂಡ ಮೊದಲ ಸುತ್ತಿನ ಪಿಕ್ ಕೊಡುವುದಾ ಅಂತ. ಅದೂ ಹಿಂದಿನ ಸೀಸನ್‌ನಲ್ಲಿ 75 ಆಟಕ್ಕೆ ಬರೀ 47 ಪಾಯಿಂಟ್ ಮಾಡಿದವನಿಗೆ! (ಗೋಲು ಹೊಡೆದರೂ, ಗೋಲಿಗೆ ಪಾಸ್ ಕೊಟ್ಟರೂ ಆಟಗಾರನಿಗೆ ಒಂದೊಂದು ಪಾಯಿಂಟ್.)

ಆದರೆ ಟ್ಯಾಂಪಾ ಯಾಕೆ ಮಾರಿತು? ಅದು ಹಿಂದಿನ ಸೀಸನ್‌ನಲ್ಲಿ 62 ಆಟ ಗೆದ್ದ ತಂಡ. ತಮ್ಮ ಆಟಗಾರ ಬ್ರೇಡನ್ ಪಾಯಿಂಟ್‌ಗೆ ಹೊಸ ಒಪ್ಪಂದ ಕೊಡಬೇಕಿತ್ತು, ಕ್ಯಾಪ್‌ನಲ್ಲಿ ಜಾಗ ಇರಲಿಲ್ಲ. ಅಂದರೆ ಮಿಲ್ಲರ್‌ನಲ್ಲಿ ದೋಷ ಇರಲಿಲ್ಲ, ಮನೆಯಲ್ಲಿ ಜಾಗ ಇರಲಿಲ್ಲ ಅಷ್ಟೇ. ವಯಸ್ಸು 26. ಒಪ್ಪಂದದಲ್ಲಿ ಇನ್ನೂ ನಾಲ್ಕು ವರ್ಷ ಬಾಕಿ, ವರ್ಷಕ್ಕೆ 52.5 ಲಕ್ಷ ಡಾಲರ್. ಇನ್ನು ಆ 47 ಪಾಯಿಂಟ್. ಸ್ಟ್ಯಾಮ್‌ಕೋಸ್, ಕುಚೆರೊವ್, ಬ್ರೇಡನ್ ಪಾಯಿಂಟ್‌ನಂಥ ಆಟಗಾರರು ಇದ್ದ ತಂಡದಲ್ಲಿ ಅವರಿಗೆಲ್ಲ ಬಡಿಸಿ ಉಳಿದ ಹೊತ್ತಿನಲ್ಲಿ ಮಾಡಿದ ಪಾಯಿಂಟ್ ಅವು. ಇಲ್ಲಿಗೆ ಬಂದು ಎಲಿಯಾಸ್ ಪೆಟರ್ಸನ್, ಬ್ರಾಕ್ ಬೋಸರ್ ಜತೆ ಮೊದಲ ಸಾಲಿನಲ್ಲಿ ಆಡಿದಾಗ ಮೊದಲ ಸೀಸನ್‌ನಲ್ಲೇ 69 ಆಟಕ್ಕೆ 72 ಪಾಯಿಂಟ್. 2021-22ರಲ್ಲಿ 99. ಹಾಗಂತ ಟ್ಯಾಂಪಾಕ್ಕೇನೂ ನಷ್ಟ ಆಗಲಿಲ್ಲ. ಅದೇ ಪಿಕ್ ಸೇರಿಸಿ ಕೊಟ್ಟು ಬ್ಲೇಕ್ ಕೋಲ್ಮನ್‌ನನ್ನು ತಂದು 2020, 2021 ಎರಡೂ ವರ್ಷ ಲೀಗ್‌ನ ಸ್ಟ್ಯಾನ್ಲಿ ಕಪ್ ಗೆದ್ದರು.

ಎರಡನೆಯದು ಜುಲೈ 23, 2021. ನನ್ನ ಬೆಟ್‌ನ ದಿನ.

ಆಗ ಕನಕ್ಸ್‌ಗೆ ಒಂದು ತಲೆನೋವಿತ್ತು. ಲೂಯಿ ಎರಿಕ್ಸನ್, ಜೇ ಬೀಗಲ್, ಆಂಟ್ವಾನ್ ರೂಸೆಲ್ ಮೂವರಿಗೆ ಸೇರಿ ವರ್ಷಕ್ಕೆ 1.2 ಕೋಟಿ ಡಾಲರ್ ಹೋಗುತ್ತಿತ್ತು. ಮೂವರೂ ಅಷ್ಟಕ್ಕೆ ತಕ್ಕ ಆಟ ಆಡುತ್ತಿರಲಿಲ್ಲ. ಕೋವಿಡ್‌ನಿಂದ ಕ್ಯಾಪ್ ಬೇರೆ 8.15 ಕೋಟಿಯಲ್ಲೇ ನಿಂತುಬಿಟ್ಟಿತ್ತು. ಆದರೆ ಗಮನಿಸಿ, ಆ ಮೂರೂ ಒಪ್ಪಂದ ಮುಗಿಯಲು ಉಳಿದಿದ್ದದ್ದು ಒಂದೇ ವರ್ಷ.

ಆ ಒಂದು ವರ್ಷ ಹಲ್ಲು ಕಚ್ಚಿ ಕಾಯಲಿಲ್ಲ. ಮೂವರನ್ನೂ ಅರಿಜೋನಾಕ್ಕೆ ದಾಟಿಸಿ, ಜತೆಗೆ ಆ ವರ್ಷದ 9ನೇ ಪಿಕ್ ಕೊಟ್ಟು, ಮೇಲೆ ಇನ್ನೆರಡು ಪಿಕ್ ಸೇರಿಸಿ ಡಿಫೆನ್ಸ್‌ಮನ್ ಆಲಿವರ್ ಎಕ್ಮನ್-ಲಾರ್ಸನ್‌ನನ್ನು ತಂದರು, ಕಾನರ್ ಗಾರ್ಲಂಡ್ ಜತೆಗೆ ಬಂದ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರು ಅನ್ನುತ್ತಾರಲ್ಲ, ಇದೇ. ಎಕ್ಮನ್-ಲಾರ್ಸನ್ ಒಪ್ಪಂದ 2027ರವರೆಗೆ, ವರ್ಷಕ್ಕೆ 82.5 ಲಕ್ಷ. ಅರಿಜೋನಾ ಸುಮಾರು 10 ಲಕ್ಷ ತಾನು ಹೊತ್ತಿತು, ಉಳಿದ 72.6 ಲಕ್ಷ ನಮ್ಮ ತಲೆ ಮೇಲೆ. ಅವನಿಗೆ ಆಗಷ್ಟೇ 30 ತುಂಬಿತ್ತು.

ನಾನು ಖುಷಿಪಟ್ಟೆ. ಅರಿಜೋನಾದ ಕ್ಯಾಪ್ಟನ್, ಡಿಫೆನ್ಸ್‌ಮನ್ ಆಗಿದ್ದೂ ಒಂದು ಸೀಸನ್‌ನಲ್ಲಿ 23 ಗೋಲು ಹೊಡೆದವನು, ಬರಲಿ ಬಿಡಿ ಅಂದೆ. ಆ 23 ಗೋಲು 2014-15ರದ್ದು ಅನ್ನುವುದು ನನಗೆ ಮುಖ್ಯ ಅನ್ನಿಸಲೇ ಇಲ್ಲ. ಪಕ್ಕದ ಸರ್ರೆ ಊರಿನ ನನ್ನ ಪಂಜಾಬಿ ಸಹೋದ್ಯೋಗಿ ಕೇಳಿದ್ದು ಒಂದೇ ಪ್ರಶ್ನೆ. 'ಅಷ್ಟು ಒಳ್ಳೆಯವನಾದರೆ ಅವರು ಯಾಕೆ ಬಿಡ್ತಾ ಇದ್ದಾರೆ?' ನನ್ನ ಹತ್ತಿರ ಉತ್ತರ ಇರಲಿಲ್ಲ, ಆದರೂ ಬೆಟ್ ಕಟ್ಟಿದೆ.

ಮೊದಲ ವರ್ಷ ಪರವಾಗಿಲ್ಲ ಅನ್ನುವ ಹಾಗಿತ್ತು. ಎರಡನೇ ವರ್ಷ ಕಾಲು ನಿಧಾನವಾಯಿತು. ಜೂನ್ 2023ರಲ್ಲಿ ಕನಕ್ಸ್ ಅವನ ಒಪ್ಪಂದವನ್ನೇ ಬೈಔಟ್ ಮಾಡಿತು. ಬೈಔಟ್ ಅಂದರೆ ಬಾಕಿ ಸಂಬಳದ ಮೂರನೇ ಎರಡು ಪಾಲನ್ನು, ಉಳಿದ ವರ್ಷದ ಎರಡರಷ್ಟು ಕಾಲ ಕಂತಿನಲ್ಲಿ ಕೊಡುವುದು. ನಾಲ್ಕು ವರ್ಷ ಬಾಕಿ ಇತ್ತು, ಹಾಗಾಗಿ ಎಂಟು ವರ್ಷದ ಕಂತು. ಆ 9ನೇ ಪಿಕ್‌ನಲ್ಲಿ ಅರಿಜೋನಾ ತೆಗೆದುಕೊಂಡದ್ದು ಡಿಲನ್ ಗುಂಥರ್‌ನನ್ನು. ಆ ತಂಡ ಯೂಟಾಕ್ಕೆ ಹೋದ ಮೇಲೆ ಅಲ್ಲಿನ ಮೊಟ್ಟಮೊದಲ ಗೋಲು ಹೊಡೆದವನು ಅವನೇ.

ಎಕ್ಮನ್-ಲಾರ್ಸನ್ ಮುಂದೆ ಏನಾದ ಗೊತ್ತಾ? ಫ್ಲೋರಿಡಾ ತಂಡ ಅವನನ್ನು ಒಂದು ವರ್ಷಕ್ಕೆ 22.5 ಲಕ್ಷ ಕೊಟ್ಟು ಕರೆದುಕೊಂಡಿತು. 2024ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ! ಅದೇ ಮನುಷ್ಯ, ಅದೇ ಕಾಲು. 72.6 ಲಕ್ಷಕ್ಕೆ ಹೊರೆ, 22.5 ಲಕ್ಷಕ್ಕೆ ಚಿನ್ನ. ಈಗ ಯಾರಾದರೂ 'ಆ ಆಟಗಾರ ಹೇಗೆ?' ಅಂತ ಕೇಳಿದರೆ 'ಎಷ್ಟಕ್ಕೆ, ಎಷ್ಟು ವರ್ಷಕ್ಕೆ?' ಅಂತ ತಿರುಗಿ ಕೇಳುವುದು ನನಗೆ ಅಭ್ಯಾಸವಾಗಿದೆ.

ಉಳಿದ ಲೆಕ್ಕಗಳನ್ನು ಬೇಗ ಹೇಳಿಬಿಡುತ್ತೇನೆ. ಹೋದ ವರ್ಷದ ಪಾಯಿಂಟ್ ನೋಡಿ ಮರುಳಾಗಬೇಡಿ. ಎರಿಕ್ ಕಾರ್ಲ್‌ಸನ್ 2022-23ರಲ್ಲಿ ಸ್ಯಾನ್ ಹೋಸೆಯಲ್ಲಿ 101 ಪಾಯಿಂಟ್ ಮಾಡಿದ. ಅಲ್ಲಿ ಎಲ್ಲ ಆಟವೂ ಅವನ ಕೋಲಿನ ಮೂಲಕವೇ ಹೋಗುತ್ತಿತ್ತು. ಆಗಸ್ಟ್ 2023ರಲ್ಲಿ ಪಿಟ್ಸ್‌ಬರ್ಗ್ ಅವನನ್ನು ತಂದಿತು, ಮರು ವರ್ಷ 56 ಪಾಯಿಂಟ್. ಪವರ್ ಪ್ಲೇಯಲ್ಲಿ (ಎದುರಾಳಿಯ ಆಟಗಾರ ಪೆನಾಲ್ಟಿಯಿಂದ ಹೊರಗೆ ಕೂತಿರುವಾಗ) ಬಂದ ಪಾಯಿಂಟ್ ಎಷ್ಟು, ಐದಕ್ಕೆ ಐದು ಜನ ಇದ್ದಾಗ ಬಂದದ್ದೆಷ್ಟು ಅಂತ ಬೇರೆ ಮಾಡಿ ನೋಡಿ. ಹೊಡೆದ ನೂರು ಶಾಟ್‌ನಲ್ಲಿ ಯಾವಾಗಲೂ ಹತ್ತು ಒಳಗೆ ಹೋಗುತ್ತಿದ್ದವನಿಗೆ ಒಂದು ವರ್ಷ ಹದಿನೆಂಟು ಹೋಗಿದ್ದರೆ, ಆ ಎಂಟಕ್ಕೆ ನಾನಂತೂ ದುಡ್ಡು ಕೊಡುವುದಿಲ್ಲ.

ವಯಸ್ಸಿನ ವಿಷಯಕ್ಕೆ ಜುಲೈ 2022ರ ಟ್ರೇಡ್ ಸಾಕು. ಫ್ಲೋರಿಡಾ ತನ್ನ 115 ಪಾಯಿಂಟ್‌ನ ಜೊನಾಥನ್ ಹ್ಯುಬರ್ಡೊ, ಮೆಕೆಂಜಿ ವೀಗರ್, ಮೇಲೊಂದು ಮೊದಲ ಸುತ್ತಿನ ಪಿಕ್, ಒಬ್ಬ ಹುಡುಗನನ್ನೂ ಕೊಟ್ಟು ಕ್ಯಾಲ್ಗರಿಯಿಂದ 104 ಪಾಯಿಂಟ್‌ನ ಮ್ಯಾಥ್ಯೂ ಟಕಚಕ್‌ನನ್ನು ತಂದಿತು. ಕಾಗದದ ಮೇಲೆ ನೋಡಿದರೆ ಜಾಸ್ತಿ ಕೊಟ್ಟು ಕಡಿಮೆ ತಂದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಹ್ಯುಬರ್ಡೊಗೆ 29, ಟಕಚಕ್‌ಗೆ 24. ಮರು ವರ್ಷ ಹ್ಯುಬರ್ಡೊ 55ಕ್ಕೆ ಇಳಿದ, ಟಕಚಕ್ 109 ಮಾಡಿದ. ಫ್ಲೋರಿಡಾ 2024, 2025 ಎರಡೂ ಕಪ್ ಎತ್ತಿತು. ಕ್ಯಾಲ್ಗರಿಯನ್ನು ಪೂರ್ತಿ ಬೈಯಲೂ ಆಗುವುದಿಲ್ಲ ಬಿಡಿ. ಟಕಚಕ್ ತಾನು ಅಲ್ಲಿ ದೀರ್ಘ ಕಾಲ ಇರುವುದಿಲ್ಲ ಅಂದುಬಿಟ್ಟಿದ್ದ. ಇದ್ದುದರಲ್ಲಿ ಚೆನ್ನಾಗಿಯೇ ವಸೂಲಿ ಮಾಡಿದರು. ಕೈ ಸುಟ್ಟುಕೊಂಡದ್ದು ಆಮೇಲೆ ಹ್ಯುಬರ್ಡೊಗೆ ವರ್ಷಕ್ಕೆ 1.05 ಕೋಟಿಯ ಹಾಗೆ ಎಂಟು ವರ್ಷ ಬರೆದುಕೊಟ್ಟಾಗ.

ಇನ್ನೊಂದು, ಆಟಗಾರನ ಒಪ್ಪಂದದಲ್ಲಿ ನೋ-ಮೂವ್ ಷರತ್ತು ಇದೆಯಾ ನೋಡಿ. ಇದ್ದರೆ ಆಫೀಸಿನ ಚರ್ಚೆಯೆಲ್ಲ ಗಾಳಿಗೆ. ಅವನು ಒಪ್ಪದಿದ್ದರೆ ಟ್ರೇಡ್ ಇಲ್ಲ.

ಒಂದು ಎಚ್ಚರಿಕೆ. ಮಿಲ್ಲರ್‌ನಂಥ ಟ್ರೇಡ್ ಈಗ ಹುಡುಕಿದರೂ ಸಿಗುವುದು ಕಷ್ಟ ಅಂತ ನನ್ನ ಲೆಕ್ಕ. ಕ್ಯಾಪ್ 2026-27ಕ್ಕೆ 10.4 ಕೋಟಿಗೆ ಏರುತ್ತದೆ ಅಂತ ಲೀಗ್ ಮೊದಲೇ ಹೇಳಿದೆ. ಎಲ್ಲರ ಮನೆಯಲ್ಲೂ ಜಾಗ ಆದಾಗ ಒಳ್ಳೆಯ ಸಾಮಾನು ಯಾರೂ ಹೊರಗಿಡುವುದಿಲ್ಲ. ಹಾಗಾಗಿ ಈಗ ಒಬ್ಬ 27ರ ಒಳಗಿನ ಒಳ್ಳೆಯ ಆಟಗಾರ ಮಾರಾಟಕ್ಕಿದ್ದಾನೆ ಅಂತ ಸುದ್ದಿ ಬಂದರೆ, ನನಗೆ ಮೊದಲು ಬರುವುದು ಅನುಮಾನ. ಕೋಚ್ ಜತೆ ಜಗಳವಾ? ಮಂಡಿ ನೋವಾ? ಅಥವಾ ಟಕಚಕ್ ಹಾಗೆ ತಾನೇ ಹೊರಟಿದ್ದಾನಾ? ಮೂರನೆಯದಾದರೆ ಮಾತ್ರ ನಾನು ಪಿಕ್ ಕೊಡಲು ತಯಾರು.

ಬೆಟ್‌ನ ಊಟ ಬೈಔಟ್ ಆದ ದಿನವೇ ಕೊಡಿಸಿದೆ, ನನ್ನ ಸಹೋದ್ಯೋಗಿಗೆ ಮಸಾಲೆ ದೋಸೆಯೇ ಬೇಕಿತ್ತು. ಆದರೆ ಅವನು ಬಿಡಬೇಕಲ್ಲ. ಬೈಔಟ್ ಕಂತು 2030-31ರ ಸೀಸನ್‌ವರೆಗೂ ಕನಕ್ಸ್ ಲೆಕ್ಕದಲ್ಲಿ ಇರುತ್ತದೆ. ಪ್ರತಿ ಜುಲೈ 1ಕ್ಕೆ, ಫ್ರೀ ಏಜೆನ್ಸಿ (ಒಪ್ಪಂದ ಮುಗಿದ ಆಟಗಾರರು ಬೇರೆ ತಂಡ ಸೇರಬಹುದಾದ ಕಾಲ) ಶುರುವಾಗುವ ಬೆಳಗ್ಗೆ, ಆ ವರ್ಷದ ಕಂತಿನ ಮೊತ್ತವನ್ನು ನನಗೆ ಮೆಸೇಜ್ ಮಾಡುತ್ತಾನೆ, ಕೆಳಗೊಂದು ದೋಸೆ ಫೋಟೋ ಹಾಕಿ.